ಅಡಿಕೆ ಹಾಳೆ ತಟ್ಟೆ

ಅಡಿಕೆ ಹಾಳೆ ತಟ್ಟೆಯು ಅಡಿಕೆ ಮರದಿಂದ ತಾನಾಗಿ ಕಳಚಿ ಬೀಳುವ ಹಾಳೆಯನ್ನು ಬಿಸಿ ಅಚ್ಚಿನಲ್ಲಿ ಒತ್ತಿ ತಯಾರಿಸುವ ಊಟದ ತಟ್ಟೆಯಾಗಿದೆ. ಇದನ್ನು ಸಾಮಾನ್ಯವಾಗಿ ಒಂದು ಬಾರಿ ಬಳಸಿ ಬಿಡಲಾಗುತ್ತದೆ. ಪ್ಲಾಸ್ಟಿಕ್ ಮತ್ತು ಥರ್ಮೋಕೋಲ್ ತಟ್ಟೆಗಳಿಗೆ ಬದಲಿಯಾಗಿ ಬಳಕೆಗೆ ಬಂದ ನೈಸರ್ಗಿಕ ವಸ್ತುಗಳಲ್ಲಿ ಇದು ಪ್ರಮುಖವಾದುದು. ಕರ್ನಾಟಕದ ಕರಾವಳಿ ಮತ್ತು ಮಲೆನಾಡು, ಕೇರಳದ ಕಾಸರಗೋಡು ಹಾಗೂ ತಮಿಳುನಾಡಿನಲ್ಲಿ ಇದರ ತಯಾರಿಕಾ ಘಟಕಗಳಿವೆ.

ಹಾಳೆಯ ಸ್ವರೂಪ

ಅಡಿಕೆ ಮರದ ವೈಜ್ಞಾನಿಕ ಹೆಸರು ಅರೆಕಾ ಕಟೆಚು. ಇದರ ಸೋಗೆಯ ಬುಡಭಾಗವು ಅಗಲವಾಗಿ ಹರಡಿ ಕಾಂಡದ ತುದಿಯನ್ನು ಸುತ್ತುವರಿದಿರುತ್ತದೆ. ಈ ಭಾಗಕ್ಕೆ ಹಾಳೆ ಎಂದು ಹೆಸರು. ತುಳುವಿನಲ್ಲಿ ಪಾಳೆ ಎನ್ನುತ್ತಾರೆ. ಹೂಗೊಂಚಲನ್ನು ಮುಚ್ಚಿಕೊಂಡಿರುವ ಹೊಂಬಾಳೆ ಬೇರೆ, ಹಾಳೆ ಬೇರೆ. ಸೋಗೆ ಬಲಿತು ಒಣಗಿದಾಗ ಹಾಳೆಯ ಸಮೇತ ಕಳಚಿ ನೆಲಕ್ಕೆ ಬೀಳುತ್ತದೆ. ಆದುದರಿಂದ ತಟ್ಟೆಯ ತಯಾರಿಕೆಗಾಗಿ ಮರವನ್ನಾಗಲಿ ಹಸಿ ಎಲೆಯನ್ನಾಗಲಿ ಕಡಿಯಬೇಕಾಗಿಲ್ಲ.

ಒಂದು ಮರವು ವರ್ಷಕ್ಕೆ ಸಾಮಾನ್ಯವಾಗಿ 5ರಿಂದ 6 ಹಾಳೆಗಳನ್ನು ಉದುರಿಸುತ್ತದೆ. 9 ಅಡಿ ಅಂತರದಲ್ಲಿ ಗಿಡ ನೆಟ್ಟ ಒಂದು ಎಕರೆ ತೋಟದಲ್ಲಿ ಸುಮಾರು 540 ಮರಗಳಿರುತ್ತವೆ. ಈ ಲೆಕ್ಕದಂತೆ ಎಕರೆಗೆ ವರ್ಷಕ್ಕೆ ಸುಮಾರು 3,000 ಹಾಳೆಗಳು ದೊರೆಯುತ್ತವೆ. ಇವುಗಳಲ್ಲಿ ಹರಿದವು, ಮಳೆಗೆ ಕೊಳೆತವು ಮತ್ತು ಕಲೆ ಬಿದ್ದವು ತಟ್ಟೆಗೆ ಯೋಗ್ಯವಲ್ಲ.

ಸಾಂಪ್ರದಾಯಿಕ ಬಳಕೆ

ಯಂತ್ರದ ತಟ್ಟೆಗಳು ಬರುವ ಮೊದಲೇ ಅಡಿಕೆ ಬೆಳೆಯುವ ಪ್ರದೇಶಗಳಲ್ಲಿ ಹಾಳೆಗೆ ಹಲವು ಉಪಯೋಗಗಳಿದ್ದವು. ತುಳುನಾಡಿನ ಕೃಷಿಕರು ಧರಿಸುವ ಮುಟ್ಟಾಳೆ ಎಂಬ ಟೋಪಿಯನ್ನು ಹಾಳೆಯಿಂದಲೇ ಮಾಡುತ್ತಾರೆ. ಹಸುಳೆಗಳನ್ನು ಹಾಳೆಯ ಮೇಲೆ ಮಲಗಿಸಿ ಸ್ನಾನ ಮಾಡಿಸುವ ರೂಢಿಯಿತ್ತು. ಬೀಸಣಿಗೆ, ದೊನ್ನೆ ಮತ್ತು ನೀರು ಮೊಗೆಯುವ ಪಾತ್ರೆಗಳಾಗಿಯೂ ಅದು ಬಳಕೆಯಾಗುತ್ತಿತ್ತು. ದನಕರುಗಳಿಗೆ ಹಾಳೆಯನ್ನು ಕತ್ತರಿಸಿ ಮೇವಾಗಿ ನೀಡಲಾಗುತ್ತದೆ. ಒಬ್ಬರು ಹಾಳೆಯ ಮೇಲೆ ಕುಳಿತು ಇನ್ನೊಬ್ಬರು ಸೋಗೆಯ ತುದಿ ಹಿಡಿದು ಎಳೆಯುವುದು ಮಕ್ಕಳ ಆಟ. ಬಾಳೆ ಎಲೆ ಮತ್ತು ಮುತ್ತುಗದ ಎಲೆಯ ಪತ್ರಾವಳಿಗಳಂತೆ ಹಾಳೆಯೂ ಬಳಸಿದ ಮೇಲೆ ಮಣ್ಣಿಗೆ ಮರಳುವ ವಸ್ತುಗಳ ಸಾಲಿಗೆ ಸೇರಿದೆ.

ತಯಾರಿಕೆ

ಹಾಳೆಗಳ ಸಂಗ್ರಹವು ಹೆಚ್ಚಾಗಿ ಮಳೆಯಿಲ್ಲದ ತಿಂಗಳುಗಳಲ್ಲಿ ನಡೆಯುತ್ತದೆ. ಮಳೆಗಾಲದಲ್ಲಿ ನೆಲಕ್ಕೆ ಬಿದ್ದ ಹಾಳೆಗೆ ಬೇಗನೆ ಬೂಷ್ಟು ಹಿಡಿಯುತ್ತದೆ. ಸಂಗ್ರಹಿಸಿದ ಹಾಳೆಗಳನ್ನು ಒಣಗಿಸಿ ದಾಸ್ತಾನು ಮಾಡಲಾಗುತ್ತದೆ. ತಯಾರಿಕೆಯ ಸಮಯದಲ್ಲಿ ಅವುಗಳನ್ನು ನೀರಿನಲ್ಲಿ ನೆನೆಸಿ ಮೆದುಗೊಳಿಸಿ, ಕುಂಚದಿಂದ ಉಜ್ಜಿ ಮಣ್ಣು ಮತ್ತು ಧೂಳನ್ನು ತೊಳೆಯುತ್ತಾರೆ. ಕೊಳೆರೋಗದ ತಡೆಗಾಗಿ ತೋಟಗಳಿಗೆ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಸಿಂಪಡಿಸುವುದರಿಂದ ಈ ಹಂತ ಮಹತ್ವದ್ದಾಗಿದೆ.

ನೀರು ಬಸಿದ ಹಾಳೆಯನ್ನು ವಿದ್ಯುತ್ತಿನಿಂದ ಅಥವಾ ಅನಿಲದಿಂದ ಕಾಯಿಸಿದ ಲೋಹದ ಅಚ್ಚಿನ ನಡುವೆ ಇಟ್ಟು ಒತ್ತಲಾಗುತ್ತದೆ. ಶಾಖ ಮತ್ತು ಒತ್ತಡಗಳಿಂದ ತೇವಾಂಶ ಆರಿ, ಹಾಳೆಯು ಅಚ್ಚಿನ ಆಕಾರವನ್ನು ಉಳಿಸಿಕೊಳ್ಳುತ್ತದೆ. ಸೆಲ್ಯುಲೋಸ್ ಮತ್ತು ಲಿಗ್ನಿನ್‌ಗಳಿಂದ ಕೂಡಿದ ನಾರುಗಳೇ ತಟ್ಟೆಗೆ ಗಟ್ಟಿತನವನ್ನು ಕೊಡುವುದರಿಂದ ಅಂಟು ಅಥವಾ ಲೇಪನ ಬೇಕಾಗುವುದಿಲ್ಲ. ಬಳಿಕ ಅಂಚುಗಳನ್ನು ಕತ್ತರಿಸಿ, ಒಣಗಿಸಿ, ಗಾತ್ರಕ್ಕೆ ಅನುಗುಣವಾಗಿ ವಿಂಗಡಿಸಲಾಗುತ್ತದೆ. ಅಗಲವಾದ ಹಾಳೆಯಿಂದ ಒಂದು ದೊಡ್ಡ ಊಟದ ತಟ್ಟೆಯನ್ನೂ ಉಳಿದ ಭಾಗದಿಂದ ಚಿಕ್ಕ ಬಟ್ಟಲುಗಳನ್ನೂ ಪಡೆಯಬಹುದು.

ಇತರ ವಸ್ತುಗಳೊಂದಿಗೆ ಹೋಲಿಕೆ

ಥರ್ಮೋಕೋಲ್ ಎಂದು ಕರೆಯಲಾಗುವ ಹಿಗ್ಗಿಸಿದ ಪಾಲಿಸ್ಟೈರೀನ್ ಮಣ್ಣಿನಲ್ಲಿ ಕೊಳೆಯದೆ ಸಣ್ಣ ಚೂರುಗಳಾಗಿ ಒಡೆಯುತ್ತದೆ. ಕಾಗದದ ಲೋಟಗಳ ಒಳಮೈಗೆ ಸಾಮಾನ್ಯವಾಗಿ ಪಾಲಿಥಿನ್ ಪದರವಿರುತ್ತದೆ. ಬಾಳೆ ಎಲೆಯಂತೆ ಕಾಣುವ ಮುದ್ರಿತ ಕಾಗದದ ಎಲೆಗಳಲ್ಲಿಯೂ ಪ್ಲಾಸ್ಟಿಕ್ ಲೇಪನವಿರುವುದುಂಟು. ಪಾಲಿಲ್ಯಾಕ್ಟಿಕ್ ಆಮ್ಲದಿಂದ ಮಾಡಿದ ಜೈವಿಕ ಪ್ಲಾಸ್ಟಿಕ್ ಪೂರ್ಣವಾಗಿ ಕೊಳೆಯಲು ಹೆಚ್ಚಿನ ಉಷ್ಣತೆಯನ್ನು ಕಾಯ್ದುಕೊಳ್ಳುವ ಕಾಂಪೋಸ್ಟ್ ಘಟಕ ಬೇಕಾಗುತ್ತದೆ. ಹಾಳೆ ತಟ್ಟೆಯು ಮನೆಯ ಗೊಬ್ಬರದ ಗುಂಡಿಯಲ್ಲಿ ತೇವಾಂಶವಿದ್ದರೆ ಕೆಲವು ತಿಂಗಳುಗಳಲ್ಲಿ ಕೊಳೆಯುತ್ತದೆ. ಬಿಸಿ ಸಾರು, ಸಾಂಬಾರುಗಳನ್ನು ಊಟ ಮುಗಿಯುವವರೆಗೆ ತಾಳಿಕೊಳ್ಳುತ್ತದೆ.

ಕಾನೂನು

ಕರ್ನಾಟಕ ಸರ್ಕಾರವು 2016ರ ಮಾರ್ಚ್ ತಿಂಗಳಲ್ಲಿ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಚಮಚ ಮುಂತಾದವುಗಳ ತಯಾರಿಕೆ, ಮಾರಾಟ ಮತ್ತು ಬಳಕೆಯನ್ನು ನಿಷೇಧಿಸಿತು. ಕೇಂದ್ರ ಸರ್ಕಾರದ 2021ರ ತಿದ್ದುಪಡಿ ನಿಯಮಗಳಂತೆ ಏಕಬಳಕೆಯ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಹೀರುಕೊಳವೆ ಮೊದಲಾದವುಗಳ ಮೇಲಿನ ನಿಷೇಧವು 2022ರ ಜುಲೈ 1ರಿಂದ ದೇಶದಾದ್ಯಂತ ಜಾರಿಗೆ ಬಂದಿತು. ಐರೋಪ್ಯ ಒಕ್ಕೂಟದಲ್ಲಿ ಇಂತಹ ನಿರ್ಬಂಧವು 2021ರ ಜುಲೈ 3ರಿಂದ ಅನ್ವಯವಾಯಿತು. ಈ ನಿಯಮಗಳು ಹಾಳೆ ತಟ್ಟೆಗೆ ದೇಶದ ಒಳಗೂ ಹೊರಗೂ ಮಾರುಕಟ್ಟೆಯ ಅವಕಾಶ ಕಲ್ಪಿಸಿದವು.

ಸುರಕ್ಷತೆಯ ಪ್ರಶ್ನೆ

ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಅಡಿಕೆಯನ್ನು ಮಾನವರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಗುಂಪಿಗೆ ಸೇರಿಸಿತು. ಈ ವರ್ಗೀಕರಣ ಅಡಿಕೆ ಕಾಯಿಗೆ ಸಂಬಂಧಿಸಿದ್ದು, ಹಾಳೆಗಲ್ಲ. ಆದರೆ ಅಡಿಕೆ ಮರದಲ್ಲಿರುವ ಅರೆಕೋಲಿನ್‌ನಂತಹ ಆಲ್ಕಲಾಯ್ಡ್‌ಗಳು ತಟ್ಟೆಯಿಂದ ಆಹಾರಕ್ಕೆ ಸೇರಬಹುದೆಂಬ ಕಾರಣ ನೀಡಿ, ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2025ರಲ್ಲಿ ಅಡಿಕೆ ಹಾಳೆಯ ಊಟದ ಸಾಮಗ್ರಿಗಳ ಆಮದನ್ನು ತಡೆಯಿತು. ಇದರಿಂದ ರಫ್ತನ್ನು ಅವಲಂಬಿಸಿದ ಕರ್ನಾಟಕದ ಘಟಕಗಳು ತೊಂದರೆಗೊಳಗಾದವು. ವಸ್ತುವೊಂದು ಮಣ್ಣಿನಲ್ಲಿ ಕೊಳೆಯುತ್ತದೆ ಎಂಬುದು ಆಹಾರ ಸುರಕ್ಷತೆಗೆ ಪುರಾವೆಯಾಗುವುದಿಲ್ಲ. ಇವೆರಡನ್ನೂ ಪ್ರತ್ಯೇಕವಾಗಿ ಪರೀಕ್ಷಿಸಬೇಕಾಗುತ್ತದೆ.

ಮಿತಿಗಳು

ಹಾಳೆ ತಟ್ಟೆಯ ಬೆಲೆ ಸಾಮಾನ್ಯವಾಗಿ ತೆಳುವಾದ ಪ್ಲಾಸ್ಟಿಕ್ ತಟ್ಟೆಗಿಂತ ಹೆಚ್ಚು. ತೇವವಿರುವ ಕಡೆ ಇಟ್ಟರೆ ಬೂಷ್ಟು ಬರುತ್ತದೆ. ಪ್ಲಾಸ್ಟಿಕ್ ಕಸದೊಂದಿಗೆ ಬೆರೆತು ತ್ಯಾಜ್ಯ ಗುಡ್ಡೆಗೆ ಸೇರಿದರೆ ಅದರ ಗೊಬ್ಬರದ ಮೌಲ್ಯ ನಷ್ಟವಾಗುತ್ತದೆ. ಹಾಳೆಯು ತೋಟದ ಮಣ್ಣಿಗೂ ಬೇಕಾದ ಸಾವಯವ ವಸ್ತು. ಕಾಸರಗೋಡಿನಲ್ಲಿ ಕೇಂದ್ರ ಕಚೇರಿಯಿರುವ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯು ಅಡಿಕೆ ತೋಟದ ತ್ಯಾಜ್ಯದಿಂದ ಎರೆಗೊಬ್ಬರ ತಯಾರಿಸುವ ವಿಧಾನವನ್ನು ಬೆಳೆಗಾರರಿಗೆ ಶಿಫಾರಸು ಮಾಡಿದೆ.

1,000 ಜನರ ಒಂದು ಔತಣಕ್ಕೆ ಪ್ರತಿ ಹಾಳೆಗೆ ಒಂದು ದೊಡ್ಡ ತಟ್ಟೆಯಂತೆ ಲೆಕ್ಕ ಹಾಕಿದರೂ ಒಂದು ಎಕರೆ ತೋಟದ ಸುಮಾರು ನಾಲ್ಕು ತಿಂಗಳ ಹಾಳೆ ಬೇಕಾಗುತ್ತದೆ. ಹೀಗಾಗಿ ಹಾಳೆ ತಟ್ಟೆಯು ಎಲ್ಲ ಏಕಬಳಕೆಯ ತಟ್ಟೆಗಳ ಸ್ಥಾನವನ್ನು ತುಂಬಲಾರದು. ತೊಳೆದು ಮತ್ತೆ ಬಳಸುವ ಸ್ಟೀಲ್ ತಟ್ಟೆ, ಬಾಳೆ ಎಲೆ ಮತ್ತು ಪತ್ರಾವಳಿಗಳ ಜೊತೆಯಲ್ಲಿ ಇದು ಒಂದು ಆಯ್ಕೆಯಾಗಿದೆ.