ಬಣ್ಣ ಸಿಕ್ಕಿತ್ತು, ಅಂಟು ಸಿಕ್ಕಿರಲಿಲ್ಲ

ಹಲ್ಲಿನ ಬಣ್ಣದ ಫಿಲ್ಲಿಂಗ್ ಹಾಕಿಸಿಕೊಂಡು ಬಂದವರು ಸಾಮಾನ್ಯವಾಗಿ ಒಂದೇ ಮಾತು ಹೇಳುತ್ತಾರೆ: ಎಲ್ಲಿ ಹಾಕಿದ್ದಾರೆ ಅಂತ ಗೊತ್ತೇ ಆಗುವುದಿಲ್ಲ. ಹೊಗಳಿಕೆಯೆಲ್ಲ ಬಣ್ಣಕ್ಕೇ ಸಲ್ಲುತ್ತದೆ. ಆದರೆ ಈ ಪದಾರ್ಥಗಳ ಚರಿತ್ರೆಯಲ್ಲಿ ಬಣ್ಣ ಅಷ್ಟು ದೊಡ್ಡ ತೊಡಕಾಗಿರಲಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಹಲ್ಲಿನ ಬಣ್ಣದ ಸಿಮೆಂಟು ದಂತವೈದ್ಯರ ಕೈಯಲ್ಲಿತ್ತು. ಇಲ್ಲದಿದ್ದದ್ದು ಅಂಟು. ಅದರ ದಂಡವನ್ನು ತೆತ್ತದ್ದು ಹುಳುಕಾಗದೆ ಉಳಿದಿದ್ದ ಒಳ್ಳೆಯ ಹಲ್ಲು.

ದವಡೆ ಹಲ್ಲುಗಳಿಗೆ ಆಗ ಹಾಕುತ್ತಿದ್ದದ್ದು ಅಮಾಲ್ಗಂ, ಅಂದರೆ ಬೆಳ್ಳಿ, ತವರ, ತಾಮ್ರದ ಪುಡಿಯನ್ನು ಪಾದರಸದಲ್ಲಿ ಕಲಸಿದ ಮಿಶ್ರಣ. ಅದು ಹಲ್ಲಿಗೆ ಅಂಟುವುದಿಲ್ಲ, ಗುಳಿಯೊಳಗೆ ಸಿಕ್ಕಿಕೊಂಡು ನಿಲ್ಲುತ್ತದೆ. ಹಾಗೆ ನಿಲ್ಲಬೇಕಾದರೆ ಗುಳಿಯ ಬಾಯಿ ಕಿರಿದಾಗಿ ತಳ ಅಗಲವಾಗಿರಬೇಕು. ಅಮೆರಿಕದ ಜಿ. ವಿ. ಬ್ಲ್ಯಾಕ್ 1908ರ ತಮ್ಮ ಗ್ರಂಥದಲ್ಲಿ ಈ ಕೊರೆತಕ್ಕೊಂದು ಶಿಸ್ತು ತಂದರು. ಮುಂದೆ ಹುಳುಕು ಹತ್ತಬಹುದಾದ ಸೀಳುಗಳನ್ನೂ ಈಗಲೇ ಕೊರೆದು ತುಂಬಿಬಿಡಿ ಎಂಬುದು ಅವರ ಸೂತ್ರ. ಆ ಕಾಲದ ಪದಾರ್ಥಗಳನ್ನು ನೋಡಿದರೆ ಅದು ಅವಿವೇಕವೇನೂ ಅಲ್ಲ. ಆದರೂ ಸಾಸಿವೆಯಷ್ಟು ಹುಳುಕಿಗೆ ಕಡಲೆಯಷ್ಟು ಹಲ್ಲು ಹೋಗುವುದಿತ್ತು.

ಮುಂದಿನ ಹಲ್ಲಿಗೆ ಬೂದು ಲೋಹ ಯಾರಿಗೆ ಬೇಕು? ಅಲ್ಲಿಗೆ ಬಂದದ್ದು ಸಿಲಿಕೇಟ್ ಸಿಮೆಂಟು. ಗಾಜಿನ ಪುಡಿಗೆ ಫಾಸ್ಫಾರಿಕ್ ಆಮ್ಲ ಬೆರೆಸಿ ಕಲಸಿದರೆ ಹಲ್ಲಿನಂತೆಯೇ ತುಸು ಬೆಳಕು ಹಾಯುವ ಗಾರೆ ಸಿದ್ಧ. ನೋಡಲು ಚೆಂದ, ಬಾಳಿಕೆ ಕಡಿಮೆ. ಬಾಯಿಯಲ್ಲಿ ನಿಧಾನವಾಗಿ ಕರಗುತ್ತಿತ್ತು, ಬಾಯಿಂದ ಉಸಿರಾಡುವವರಲ್ಲಿ ಒಣಗಿ ಬಿರಿಯುತ್ತಿತ್ತು. ಒಂದು ಗುಣ ಮಾತ್ರ ಎಲ್ಲರ ಗಮನಕ್ಕೆ ಬಂತು: ಸಿಮೆಂಟೇ ಸವೆದರೂ ಅದರ ಸುತ್ತಲಿನ ಹಲ್ಲು ಮತ್ತೆ ಹುಳುಕಾಗುವುದು ಕಡಿಮೆ. ಗಾಜು ಸುಲಭವಾಗಿ ಕರಗಲೆಂದು ತಯಾರಿಕೆಯಲ್ಲಿ ಸೇರಿಸುತ್ತಿದ್ದ ಫ್ಲೋರೈಡ್ ಸ್ವಲ್ಪ ಸ್ವಲ್ಪವಾಗಿ ಹಲ್ಲಿಗೆ ಇಳಿಯುತ್ತಿತ್ತು.

ಎರಡನೆಯ ಮಹಾಯುದ್ಧದ ಹೊತ್ತಿಗೆ ಜರ್ಮನಿಯಿಂದ ಬಂದ ಅಕ್ರಿಲಿಕ್ ಪ್ಲಾಸ್ಟಿಕ್ ಕರಗುತ್ತಿರಲಿಲ್ಲ. ಆದರೆ ಗಟ್ಟಿಯಾಗುವಾಗಲೇ ಕುಗ್ಗುತ್ತಿತ್ತು. ಬಿಸಿ ಕಾಫಿಗೆ ಹಿಗ್ಗುವುದು, ತಣ್ಣೀರಿಗೆ ಕುಗ್ಗುವುದು, ಎಲ್ಲ ಹಲ್ಲಿಗಿಂತ ಹಲವು ಪಟ್ಟು ಹೆಚ್ಚು. ಅಂಚಿನ ಸಂದಿಯಲ್ಲಿ ಜೊಲ್ಲು ಹೋಗಿಬಂದು, ಮೇಲಿನ ಬಿಳುಪಿನ ಅಡಿಯಲ್ಲಿ ಹುಳುಕು ಸದ್ದಿಲ್ಲದೆ ಬೆಳೆಯುತ್ತಿತ್ತು.

ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್‌ನಲ್ಲಿದ್ದ ಮೈಕೆಲ್ ಬ್ಯುಯೊನೊಕೋರ್ ಕಾರ್ಖಾನೆಗಳ ಒಂದು ರೂಢಿಯನ್ನು ಗಮನಿಸಿದ್ದರು. ಲೋಹಕ್ಕೆ ಬಣ್ಣ ಚೆನ್ನಾಗಿ ಹಿಡಿಯಲೆಂದು ಮೊದಲು ಫಾಸ್ಫಾರಿಕ್ ಆಮ್ಲ ಸವರುತ್ತಾರೆ. ಹಲ್ಲಿಗೂ ಯಾಕಾಗಬಾರದು? ಎನಾಮೆಲ್ ಮೇಲೆ ಶೇಕಡ 85ರ ಆಮ್ಲವನ್ನು 30 ಸೆಕೆಂಡು ಬಿಟ್ಟು ತೊಳೆದು ಅಕ್ರಿಲಿಕ್ ಹಚ್ಚಿದಾಗ ಅದು ಎಷ್ಟೋ ಪಟ್ಟು ಹೆಚ್ಚು ಕಾಲ ಕಚ್ಚಿಕೊಂಡಿತು. ನುಣ್ಣನೆಯ ಗೋಡೆಗೆ ಗಾರೆ ಹಿಡಿಯದೆಂದು ಮೇಸ್ತ್ರಿ ಮೊದಲು ಕೆತ್ತಿ ಒರಟು ಮಾಡುತ್ತಾನಲ್ಲ, ಅದೇ ಉಪಾಯ. ಆಮ್ಲ ಎನಾಮೆಲ್‌ನ ಹರಳುಗಳನ್ನು ಏರುಪೇರಾಗಿ ತಿಂದು ಕಣ್ಣಿಗೆ ಕಾಣದ ಕುಳಿಗಳನ್ನು ಮಾಡುತ್ತದೆ. ದ್ರವರೂಪದ ರಾಳ ಅವುಗಳಿಗೆ ಇಳಿದು, ಗಟ್ಟಿಯಾಗಿ, ಬೇರು ಬಿಟ್ಟಂತೆ ನಿಲ್ಲುತ್ತದೆ.

1955ರಲ್ಲಿ ಪ್ರಕಟವಾದ ಈ ಪುಟ್ಟ ಲೇಖನ ಇಡೀ ಕಥೆಯ ತಿರುವು. ಆದರೂ ವೃತ್ತಿಯವರು ಅದನ್ನು ಒಪ್ಪಿಕೊಳ್ಳಲು ಒಂದು ದಶಕಕ್ಕೂ ಹೆಚ್ಚು ಕಾಲ ಹಿಡಿಯಿತು. ಹಲ್ಲನ್ನು ಹಾಳುಮಾಡುವುದೇ ಆಮ್ಲ ಎಂದು ಕಲಿತವರಿಗೆ ಆಮ್ಲವನ್ನೇ ಸುರಿಯಿರಿ ಎಂದರೆ ಹೇಗಾಗಬೇಡ?

ಅಂಟಿಸಲು ಯೋಗ್ಯವಾದ ಪದಾರ್ಥವೂ ಬೇಕಿತ್ತು. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ ರಫೇಲ್ ಬೋವೆನ್ ಮೊದಲು ಇಪಾಕ್ಸಿ ಪ್ರಯತ್ನಿಸಿದರು. ಅದು ಗಟ್ಟಿಯಾಗಲು ತೀರಾ ತಡ ಮಾಡುತ್ತಿತ್ತು. ಕೊನೆಗೆ ಇಪಾಕ್ಸಿಯ ದೊಡ್ಡ ಅಣುವಿನ ಎರಡೂ ತುದಿಗೆ ಅಕ್ರಿಲಿಕ್‌ನಂತೆ ಬೇಗ ಬೆಸೆಯುವ ಕೊಂಡಿ ಕೂಡಿಸಿದರು. ಬಿಸ್-ಜಿಎಂಎ ಎಂಬ ಈ ರಾಳಕ್ಕೆ 1962ರಲ್ಲಿ ಪೇಟೆಂಟ್ ಸಿಕ್ಕಿತು. ಅಣು ದೊಡ್ಡದಾದ್ದರಿಂದ ಕುಗ್ಗುವುದು ಕಡಿಮೆ. ಅದರೊಳಗೆ ಸಿಲಿಕಾ ಪುಡಿ ತುಂಬಿದರೆ ಇನ್ನೂ ಕಡಿಮೆ, ಗಟ್ಟಿಯೂ ಹೆಚ್ಚು. ಪುಡಿಗೂ ರಾಳಕ್ಕೂ ನಂಟು ಬೆಸೆಯಲು ಸಿಲೇನ್ ಎಂಬ ಲೇಪ. ಇದೇ ಕಾಂಪೋಸಿಟ್. 1970ರ ದಶಕದಲ್ಲಿ ನೀಲಿ ಬೆಳಕಿನ ದೀಪ ಬಂತು. ಆ ಬೆಳಕನ್ನು ಹೀರಿ ಬೆಸುಗೆ ಶುರುಮಾಡುವುದು ಕರ್ಪೂರದ ಬಂಧುವಾದ ಕ್ಯಾಂಫರ್‌ಕ್ವಿನೋನ್. ಕುಗ್ಗುವಿಕೆ ಪೂರ್ತಿ ಹೋಗಿಲ್ಲ; ವೈದ್ಯರು ಸುಮಾರು 2 ಮಿಲಿಮೀಟರ್ ಪದರಗಳಲ್ಲಿ ತುಂಬಿ, ಪ್ರತಿ ಪದರಕ್ಕೂ ದೀಪ ಹಿಡಿಯುವುದಕ್ಕೆ ಅದೂ ಒಂದು ಕಾರಣ.

ಕಾಂಪೋಸಿಟ್‌ಗೆ ಒಣ ಹಲ್ಲು ಬೇಕು, ದೀಪ ಬೇಕು, ತಾಳ್ಮೆ ಬೇಕು. ಇವು ಇಲ್ಲದ ಕಡೆ ನೆರವಿಗೆ ಬಂದದ್ದು ಆ ಹಳೆಯ ಸಿಲಿಕೇಟ್‌ನ ಸಂತಾನ. ಲಂಡನ್ನಿನ ಸರ್ಕಾರಿ ರಸಾಯನ ಪ್ರಯೋಗಾಲಯದಲ್ಲಿ ಅಲನ್ ವಿಲ್ಸನ್ ಮತ್ತು ಬ್ರಯನ್ ಕೆಂಟ್ 1969ರ ಸುಮಾರಿಗೆ ಫಾಸ್ಫಾರಿಕ್ ಆಮ್ಲದ ಬದಲು ಪಾಲಿಅಕ್ರಿಲಿಕ್ ಆಮ್ಲ ಹಾಕಿ, ಗಾಜನ್ನೂ ಅದಕ್ಕೆ ಹೊಂದಿಸಿದರು. ಹಾಗೆ ಹುಟ್ಟಿದ ಗ್ಲಾಸ್ ಅಯೊನೊಮರ್ ಹಲ್ಲಿನ ಕ್ಯಾಲ್ಸಿಯಂಗೆ ತಾನಾಗಿಯೇ ಅಂಟುತ್ತದೆ. ಫ್ಲೋರೈಡ್ ಗುಣ ಹಾಗೆಯೇ ಉಳಿಯಿತು. ಅಗಿತದ ಒತ್ತಡಕ್ಕೆ ಕಾಂಪೋಸಿಟ್‌ನಷ್ಟು ಗಟ್ಟಿಯಲ್ಲ, ಅದೇ ಅದರ ಕೊರತೆ.

1980ರ ದಶಕದ ಮಧ್ಯದಲ್ಲಿ ಟಾಂಜಾನಿಯಾದಲ್ಲಿ ವಿದ್ಯುತ್ತೂ ಡ್ರಿಲ್ಲೂ ಇಲ್ಲದೆ ಹಲ್ಲು ಉಳಿಸುವ ವಿಧಾನವೊಂದು ರೂಪುಗೊಂಡಿತು. ಅದಕ್ಕೆ ಹೊಂದಿದ್ದು ಈ ಸಿಮೆಂಟೇ. ಚಮಚದಂಥ ಪುಟ್ಟ ಸಲಕರಣೆಯಿಂದ ಮೆತ್ತಗಾದ ಹುಳುಕನ್ನಷ್ಟೇ ಕೆರೆದು ತೆಗೆದು, ಗ್ಲಾಸ್ ಅಯೊನೊಮರ್ ಒತ್ತಿ, ಬೆರಳಲ್ಲಿ ಅದುಮುತ್ತಾರೆ. ಪಕ್ಕದ ಸೀಳುಗಳಿಗೂ ಅದೇ ಸಿಮೆಂಟನ್ನು ಬಳಿಯುತ್ತಾರೆ. ಬ್ಲ್ಯಾಕ್ ಅವರು ಕೊರೆಯಬೇಕೆಂದಿದ್ದ ಸೀಳುಗಳೂ ಅಂಥವೇ.