ಬಸುರಿಗೆ ಬೆಚ್ಚಗೆ, ಬಾಣಂತಿಗೆ ಸುಡುಸುಡು: ಲೋಕಾಪುರ ಸೀಮೆಯ ಬಚ್ಚಲ ಇತಿಹಾಸ

ಮುಧೋಳ ತಾಲ್ಲೂಕಿನ ಲೋಕಾಪುರದಲ್ಲಿ, ಅದರ ಸುತ್ತಲಿನ ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯಲ್ಲಿ ಹೆಣ್ಣಿನ ಮೈಗೆ ಬೀಳುವ ಬಿಸಿನೀರಿಗೆ ರೂಢಿ ಎರಡು ಕಟ್ಟಳೆ ಹಾಕಿತ್ತು. ಬಸುರಿ ಇದ್ದಾಗ ಮೈಗೆ ಕಾವು ಏರಬಾರದು. ಹಡೆದ ಮೇಲೆ ಕಾವು ಇಳಿಯಬಾರದು. ಪಪ್ಪಾಯಿ, ಎಳ್ಳಿನಂಥ ‘ಉಷ್ಣ’ದ ಪದಾರ್ಥಗಳನ್ನು ಬಸುರಿಯಿಂದ ದೂರ ಇಡುತ್ತಿದ್ದ ಅದೇ ಮನೆ, ಕೂಸು ಹುಟ್ಟಿದ ಮೇಲೆ ಅದೇ ಹೆಣ್ಣಿಗೆ ಹೊಗೆಯಾಡುವ ನೀರು ಎರೆದು, ಹೊರಸಿನ ಬುಡಕ್ಕೆ ಕೆಂಡ ಇಡುತ್ತಿತ್ತು.

ಈ ಸೀಮೆಯಲ್ಲಿ ಬಿಸಿನೀರು ಸುಲಭಕ್ಕೆ ಸಿಗುವ ವಸ್ತುವಾಗಿರಲಿಲ್ಲ. ಘಟಪ್ರಭೆ, ಕೃಷ್ಣೆ ಹತ್ತಿರದಲ್ಲೇ ಹರಿದರೂ ಹೊಳೆದಂಡೆ ಬಿಟ್ಟ ಊರುಗಳಿಗೆ ಬಾವಿಯೇ ಗತಿ. ನೆಲದಡಿ ಸುಣ್ಣದಕಲ್ಲಿನ ಪದರಗಳಿವೆ. ಕಲಾದಗಿ ಶಿಲಾಸಮೂಹದ ಒಂದು ಭಾಗಕ್ಕೆ ಭೂವಿಜ್ಞಾನಿಗಳು ಲೋಕಾಪುರದ ಹೆಸರನ್ನೇ ಇಟ್ಟಿದ್ದಾರೆ. ಇಂಥ ನೆಲದ ಗಡುಸು ನೀರನ್ನು ದಿನವೂ ಕಾಯಿಸಿದರೆ ಹಂಡೆಯ ತಳಕ್ಕೆ ಬಿಳಿ ಹೊಪ್ಪಳಿಕೆ ಕಟ್ಟುತ್ತದೆ, ಉರಿಯೂ ಹೆಚ್ಚು ಬೇಕಾಗುತ್ತದೆ. ಉರಿಗೆ ಸಿಗುತ್ತಿದ್ದದ್ದು ಹತ್ತಿ ಕಟ್ಟಿಗೆ ಮತ್ತು ಕುಳ್ಳು. ಎರೆಭೂಮಿಯಲ್ಲಿ ಕಾಡು ಕಡಿಮೆ. ಮುಧೋಳದಲ್ಲಿ ಘೋರ್ಪಡೆಯವರು, ಜಮಖಂಡಿಯಲ್ಲಿ ಪಟವರ್ಧನರು ಆಳುತ್ತಿದ್ದ ಕಾಲದಲ್ಲೂ, 1948ರಲ್ಲಿ ಆ ಸಂಸ್ಥಾನಗಳು ಮುಂಬಯಿ ಪ್ರಾಂತಕ್ಕೆ ಸೇರಿದ ಎಷ್ಟೋ ವರ್ಷಗಳ ಮೇಲೂ, ಸಾಧಾರಣ ಒಕ್ಕಲು ಮನೆಯಲ್ಲಿ ಮೈತುಂಬ ಬಿಸಿನೀರು ಎರಕೊಳ್ಳುವುದು ದಿನನಿತ್ಯದ ಮಾತಾಗಿರಲಿಲ್ಲ. ಆ ಹಕ್ಕು ದಿನವೂ ಇದ್ದದ್ದು ಬಾಣಂತಿಗೆ ಮತ್ತು ಕೂಸಿಗೆ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗುತ್ತಿದ್ದುದರಿಂದ ಕಟ್ಟಿಗೆಯ ಖರ್ಚೂ ನೀರು ಹೊರುವ ದುಡಿಮೆಯೂ ತವರಿನ ಹೆಣ್ಣುಮಕ್ಕಳ ಪಾಲಿಗೆ ಬರುತ್ತಿದ್ದವು. ಮಗಳ ಬಾಣಂತನ ಎಂದರೆ ಬಡವರ ಮನೆಗೆ ನಿಜವಾದ ಭಾರವಾಗಿತ್ತು. ಅದನ್ನು ಹೊತ್ತವರ ಶ್ರಮ ಎಲ್ಲಿಯೂ ಲೆಕ್ಕಕ್ಕೆ ಬಂದಿಲ್ಲ.

ಎರೆಯುವುದು ಒಂದು ಕಸುಬೇ ಆಗಿತ್ತು. ಸೂಲಗಿತ್ತಿ ಅಥವಾ ಕೈಪಳಗಿದ ಮುದುಕಿ ಮೊದಲು ಬಾಣಂತಿಯ ಮೈಗೆ ಎಣ್ಣೆ ತಿಕ್ಕುತ್ತಿದ್ದಳು. ಬೇವಿನ ಇಲ್ಲವೆ ಲಕ್ಕಿ ತಪ್ಪಲು ಹಾಕಿ ಕುದಿಸಿದ ನೀರನ್ನು ಹದ ಮಾಡಿಕೊಂಡು, ಬಚ್ಚಲಲ್ಲಿ ಕುಳಿತವಳ ನಡು, ಬೆನ್ನು, ಕಿಬ್ಬೊಟ್ಟೆಗೆ ಚರಿಗೆಯಿಂದ ಸುರಿಯುತ್ತಿದ್ದಳು. ಹದ ನೋಡುವುದು ಕೈಯಿಂದ, ಆದರೆ ವರ್ಷಗಟ್ಟಲೆ ಬಿಸಿನೀರಿನಲ್ಲಿ ಆಡಿದ ಕೈಗೆ ಸುಡುವುದು ತಡವಾಗಿ ತಿಳಿಯುತ್ತದೆ. ಈ ಕಸುಬಿನ ದೊಡ್ಡ ಅಪಾಯ ಅಲ್ಲಿಯೇ ಇತ್ತು. ಮೈ ಒರೆಸಿದ ಮೇಲೆ ಹಳೆಯ ಸೀರೆಯಿಂದ ಹೊಟ್ಟೆ ಬಿಗಿದು ಕಟ್ಟಿ, ತಲೆಗೆ ಬಟ್ಟೆ ಸುತ್ತಿ, ಹೊರಸಿನ ಮೇಲೆ ಮಲಗಿಸಿ ಬುಡಕ್ಕೆ ಕುಳ್ಳಿನ ಕೆಂಡ ಸರಿಸುತ್ತಿದ್ದರು. ಲೋಬಾನದ ಹೊಗೆ ಕೂಸಿಗೂ ತಾಯಿಗೂ ಆಗುತ್ತಿತ್ತು. ಅಳವಿ, ಅಂಟಿನ ಉಂಡಿ, ಕೊಬ್ಬರಿ, ತುಪ್ಪ ಒಳಗಿನಿಂದ ಕಾವು ಕೊಡುವ ಊಟ ಎನಿಸಿಕೊಂಡಿದ್ದವು.

ಬಸುರಿಗೂ ಬಾಣಂತಿಗೂ ಹೀಗೆ ಬೇರೆ ಬೇರೆ ಕಟ್ಟಳೆ ಇರುವುದು ಬಹಳ ಹಳೆಯ ಮಾತು. ಚರಕಸಂಹಿತೆ ಬೆವರಿಳಿಸುವ ಸ್ವೇದನ ಚಿಕಿತ್ಸೆಯನ್ನು ಯಾರಿಗೆ ಮಾಡಬಾರದು ಎಂದು ಹೇಳುವ ಪಟ್ಟಿಯಲ್ಲಿ ಗರ್ಭಿಣಿಯನ್ನು ಸೇರಿಸಿದೆ. ಅದೇ ಗ್ರಂಥದ ಶಾರೀರಸ್ಥಾನ ಹೆತ್ತವಳಿಗೆ ಎಣ್ಣೆ-ತುಪ್ಪದ ಲೇಪ, ಹೊಟ್ಟೆಗೆ ಅಗಲ ಬಟ್ಟೆಯ ಕಟ್ಟು, ಎರಡು ಹೊತ್ತು ಬಿಸಿನೀರು ಸುರಿಯುವುದನ್ನು ವಿಧಿಸುತ್ತದೆ. ಲೋಕಾಪುರದ ಮುದುಕಿಯರು ಚರಕನನ್ನು ಓದಿದವರಲ್ಲ. ಗ್ರಂಥದಿಂದ ಊರಿಗೆ ಬಂತೋ, ಊರಿನಿಂದ ಗ್ರಂಥಕ್ಕೆ ಹೋಯಿತೋ, ಎರಡೂ ಕಡೆ ವಿಂಗಡಣೆ ಮಾತ್ರ ಒಂದೇ.

ಬಸುರಿಯ ಮೈಕಾವಿನ ಬಗ್ಗೆ ಆಧುನಿಕ ವೈದ್ಯ ಗಮನ ಹರಿಸಿದ್ದು ತಡವಾಗಿ. 1960ರ ದಶಕದಲ್ಲಿ ಆಸ್ಟ್ರೇಲಿಯಾದ ಮಾರ್ಷಲ್ ಎಡ್ವರ್ಡ್ಸ್ ಗಿನಿಯಿಲಿಗಳ ಮೇಲೆ ಪ್ರಯೋಗ ಮಾಡಿ, ಗಬ್ಬದ ಕಾಲದ ಅತಿಯಾದ ಶಾಖ ಮರಿಗಳ ಮೆದುಳಿನ ಬೆಳವಣಿಗೆಯನ್ನು ಕೆಡಿಸುತ್ತದೆ ಎಂದು ತೋರಿಸಿದರು. ಅದೇ ಹೊತ್ತಿಗೆ ಅಮೆರಿಕದಲ್ಲಿ ಬಿಸಿನೀರಿನ ತೊಟ್ಟಿಯಲ್ಲಿ ಕುಳಿತು ಕಾಲ ಕಳೆಯುವ ಹವ್ಯಾಸ ಹಬ್ಬುತ್ತಿತ್ತು. 1968ರಲ್ಲಿ ರಾಯ್ ಜಕೂಝಿ ರೂಪಿಸಿದ ಸುಳಿನೀರಿನ ತೊಟ್ಟಿ ಅದಕ್ಕೆ ಇನ್ನಷ್ಟು ಬಲ ಕೊಟ್ಟಿತು. ಬಾಸ್ಟನ್ನಿನ ಸಂಶೋಧಕರು 22 ಸಾವಿರಕ್ಕೂ ಹೆಚ್ಚು ಗರ್ಭಿಣಿಯರನ್ನು ಗಮನಿಸಿ 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲ ತಿಂಗಳುಗಳಲ್ಲಿ ಇಂಥ ತೊಟ್ಟಿ ಬಳಸಿದವರ ಮಕ್ಕಳಲ್ಲಿ ನರಕೊಳವೆಯ ದೋಷ ಉಳಿದವರಿಗಿಂತ ಎರಡೂವರೆ ಪಟ್ಟಿಗೂ ಹೆಚ್ಚು ಕಂಡುಬಂತು. ಮೆದುಳು ಮತ್ತು ಬೆನ್ನುಹುರಿ ಆಗುವ ಈ ಕೊಳವೆ ಗರ್ಭ ನಿಂತ ಸುಮಾರು 28 ದಿನಕ್ಕೆ ಮುಚ್ಚಿಕೊಳ್ಳುತ್ತದೆ. ಬಸುರಾಗಿರುವುದು ಅನೇಕರಿಗೆ ಆಗ ಗೊತ್ತೇ ಆಗಿರುವುದಿಲ್ಲ. ಈ ದೋಷ ಕನ್ನಡನಾಡಿಗೆ ಹೊರಗಿನದಲ್ಲ: 1980ರ ದಶಕದಲ್ಲಿ ದಾವಣಗೆರೆಯ ವೈದ್ಯರು ಅಲ್ಲಿನ ಆಸ್ಪತ್ರೆಗಳಲ್ಲಿ ಸಾವಿರ ಹೆರಿಗೆಗೆ 11ಕ್ಕೂ ಹೆಚ್ಚು ಪ್ರಕರಣ ದಾಖಲಿಸಿದರು. ಅದು ಬಹಳ ದೊಡ್ಡ ಪ್ರಮಾಣ. ಆದರೆ ಅಲ್ಲಿ ಬಿಸಿನೀರಿನತ್ತ ಬೆರಳು ತೋರುವ ಕಾರಣವಿಲ್ಲ. ರಕ್ತಸಂಬಂಧದ ಮದುವೆ ಮತ್ತು ಫೋಲಿಕ್ ಆಮ್ಲದ ಕೊರತೆ ವೈದ್ಯರು ಗಣನೆಗೆ ತೆಗೆದುಕೊಳ್ಳುವ ದೊಡ್ಡ ಕಾರಣಗಳು.

ಶಾಖ ಒಳಗೆ ಇಳಿಯುವ ಬಗೆಯಲ್ಲಿಯೇ ಬಚ್ಚಲಿಗೂ ತೊಟ್ಟಿಗೂ ಇರುವ ಅಂತರವಿದೆ. ಕೊರಳವರೆಗೆ ಬಿಸಿನೀರಿನಲ್ಲಿ ಮುಳುಗಿ ಕುಳಿತವರ ಬೆವರು ಆರುವುದಿಲ್ಲ, ಮೈಯ ಕಾವು ಹೊರಹೋಗಲು ದಾರಿ ಇರುವುದಿಲ್ಲ. ಹೊಟ್ಟೆಯಲ್ಲಿರುವ ಕೂಸಿನ ಕಾವು ತಾಯಿಯದಕ್ಕಿಂತ ಸುಮಾರು ಅರ್ಧ ಡಿಗ್ರಿ ಮೊದಲೇ ಹೆಚ್ಚಿರುತ್ತದೆ. ತಾಯಿಯ ಮೈ ಬಿಸಿಯೇರಿದರೆ ಅದಕ್ಕೆ ತಣಿಯುವ ಉಪಾಯವಿಲ್ಲ. ಚರಿಗೆಯಿಂದ ಸುರಿದ ನೀರು ಹರಿದುಹೋಗುತ್ತದೆ, ನಡುನಡುವೆ ಮೈಗೆ ಗಾಳಿ ತಾಗುತ್ತದೆ, ಸ್ನಾನವೂ ಬೇಗ ಮುಗಿಯುತ್ತದೆ. ಗರ್ಭಿಣಿಯ ಒಡಲ ಉಷ್ಣತೆ 39 ಡಿಗ್ರಿ ಸೆಲ್ಸಿಯಸ್ ದಾಟಬಾರದು ಎಂಬುದು ವೈದ್ಯರು ಸಾಮಾನ್ಯವಾಗಿ ಎಳೆಯುವ ಗೆರೆ, ಮತ್ತು ಸಾಧಾರಣ ಬಿಸಿನೀರಿನ ಸ್ನಾನದಿಂದ ಅಷ್ಟು ಏರುವುದಿಲ್ಲ. ತೊಟ್ಟಿಯ ವಿಷಯದಲ್ಲೂ ಈಚಿನ ತಿಳಿವಳಿಕೆ ಮೊದಲಿನಷ್ಟು ಕಠಿಣವಾಗಿಲ್ಲ. ಹಿಂದಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಪರಿಶೀಲಿಸಿದ ಒಂದು ವಿಮರ್ಶೆ, 40 ಡಿಗ್ರಿ ನೀರಿನಲ್ಲಿ 20 ನಿಮಿಷದವರೆಗೆ ಕುಳಿತ ಗರ್ಭಿಣಿಯರಲ್ಲಿ ಯಾರೂ ಆ ಗೆರೆ ಮುಟ್ಟಲಿಲ್ಲ ಎಂದು ಕಂಡುಕೊಂಡಿತು. ಜಪಾನ್ ಸರ್ಕಾರ ಬಿಸಿನೀರ ಬುಗ್ಗೆಗಳಲ್ಲಿ ಮೀಯಬಾರದವರ ಪಟ್ಟಿಯಿಂದ ಗರ್ಭಿಣಿಯರನ್ನು 2014ರಲ್ಲಿ ಕೈಬಿಟ್ಟಿತು. ಹಾಗಿದ್ದರೂ ಮೊದಲ ಮೂರು ತಿಂಗಳು ತೊಟ್ಟಿಯಿಂದ ದೂರವಿರಲು ಹೇಳುವ ವೈದ್ಯರೇ ಹೆಚ್ಚು. ಅದು ಸರಿಯಾದ ಮಾತೇ: ಬಿಟ್ಟರೆ ಹೋಗುವುದು ಒಂದು ಸುಖ ಮಾತ್ರ.

ಬಾಣಂತಿಯ ಕಾವಿನ ಕಥೆ ಇಷ್ಟು ನೇರವಾಗಿಲ್ಲ. ಹಡೆದವಳಿಗೆ ಶೀತ ತಾಗಿದರೆ ಸನ್ನಿ ಬರುತ್ತದೆ ಎಂಬ ಭಯ ಈ ಕಟ್ಟಳೆಯ ಬೇರು. ಭಯಕ್ಕೆ ಕಾರಣವಿತ್ತು, ಹೆರಿಗೆಯ ನಂತರದ ಜ್ವರದಲ್ಲಿ ತಾಯಂದಿರು ಸಾಯುತ್ತಿದ್ದರು. ಆದರೆ ಆ ಜ್ವರ ಶೀತದಿಂದ ಬಂದದ್ದಲ್ಲ, ನಂಜಿನಿಂದ ಬಂದದ್ದು. 1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಇಗ್ನಾಝ್ ಸೆಮ್ಮೆಲ್‌ವೈಸ್, ವೈದ್ಯರು ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈ ತೊಳೆಯುವಂತೆ ಮಾಡಿದ್ದಕ್ಕೇ ಸಾವು ಇಳಿಯಿತು. ಸೂಲಗಿತ್ತಿಯ ಕೈ, ಹೊಕ್ಕುಳಬಳ್ಳಿ ಕೊಯ್ಯುವ ಕುಡುಗೋಲು ಸ್ವಚ್ಛವಿಲ್ಲದಿದ್ದರೆ ಎಷ್ಟು ಕೊಡ ನೀರು ಎರೆದರೂ ಪ್ರಯೋಜನವಿರಲಿಲ್ಲ. ಎರೆಯುವುದರಿಂದ ಆಗುತ್ತಿದ್ದ ಒಳ್ಳೆಯದು ಬೇರೆ: ಮೈ ಶುಚಿಯಾಗುತ್ತಿತ್ತು, ನಡುನೋವು ಸಡಿಲುತ್ತಿತ್ತು, ನಿದ್ದೆ ಬರುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಹೊಲದ ದುಡಿಮೆಯಿಂದ ಬಿಡುವೇ ಇಲ್ಲದ ಹೆಣ್ಣಿನ ಮೈಯನ್ನು ವಾರಗಟ್ಟಲೆ ಇನ್ನೊಬ್ಬರು ನೋಡಿಕೊಳ್ಳುತ್ತಿದ್ದರು. ಈ ರೂಢಿಯಲ್ಲಿ ಉಳಿಸಿಕೊಳ್ಳಬೇಕಾದದ್ದು ಅದೇ.

ಕೆಟ್ಟದ್ದು ಕೆಂಡದಲ್ಲಿತ್ತು, ಮುಚ್ಚಿದ ಕೋಣೆಯಲ್ಲಿತ್ತು. ಕುಳ್ಳಿನ ಹೊಗೆ ಎಳೆಗೂಸಿನ ಪುಪ್ಪಸಕ್ಕೆ ಹಾನಿ. ಶೀತವಾದೀತೆಂದು ಕುಡಿಯುವ ನೀರನ್ನೂ ಅಳೆದು ಕೊಡುತ್ತಿದ್ದ ಮನೆಗಳಲ್ಲಿ ಬೆವರಿ ಬತ್ತಿದ ಮೈಗೆ, ಹಾಲೂಡುವವಳಿಗೆ, ಬೇಕಾದ ನೀರು ಸಿಗುತ್ತಿರಲಿಲ್ಲ. ಹದ ತಪ್ಪಿದ ನೀರಿನ ಅಪಾಯ ಬೇರೆ: 60 ಡಿಗ್ರಿಯ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮ ಸುಡುತ್ತದೆ. ಕೂಸಿನ ತೆಳು ಚರ್ಮವನ್ನು ಇನ್ನೂ ಬೇಗ.

ಹೆರಿಗೆ ಆಸ್ಪತ್ರೆಗೆ ಹೋದ ಮೇಲೆ ಬಚ್ಚಲಿನ ಕಟ್ಟಳೆಯೂ ಬದಲಾಯಿತು. 1998-99ರಲ್ಲಿ ಕರ್ನಾಟಕದ ಹೆರಿಗೆಗಳಲ್ಲಿ ಸುಮಾರು ಅರ್ಧ ಮಾತ್ರ ಆಸ್ಪತ್ರೆಯಲ್ಲಿ ಆಗುತ್ತಿದ್ದವು. 2005ರ ಜನನಿ ಸುರಕ್ಷಾ ಯೋಜನೆ, ಮನೆಮನೆಗೆ ಬರುವ ಆಶಾ ಕಾರ್ಯಕರ್ತೆಯರು, ರಾಜ್ಯದ ಮಡಿಲು ಕಿಟ್ ಬಂದ ಮೇಲೆ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ಆ ಪ್ರಮಾಣ ಶೇಕಡ 97 ಮುಟ್ಟಿತು. ಹುಟ್ಟಿದ ತಕ್ಷಣ ಕೂಸಿಗೆ ಎರೆಯುತ್ತಿದ್ದ ರೂಢಿಗೆ ಬದಲಾಗಿ, ಕನಿಷ್ಠ 24 ಗಂಟೆ ಸ್ನಾನ ಬೇಡ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ ಬಂತು. ಸಿಸೇರಿಯನ್ ಆದವಳ ಹೊಟ್ಟೆಯ ಮೇಲೆ ಹಳೆಯ ರೀತಿ ರಭಸದಿಂದ ಸುಡುನೀರು ಎರೆಯುವಂತಿಲ್ಲ. ಗಾಯ ಮಾಯುವವರೆಗೆ ತೊಟ್ಟಿಯಲ್ಲಿ ಕುಳಿತುಕೊಳ್ಳುವಂತೆಯೂ ಇಲ್ಲ.

ಕಟ್ಟಿಗೆಯ ಹಂಡೆಯ ಜಾಗಕ್ಕೆ ಸೋಲಾರ್ ಮತ್ತು ಗ್ಯಾಸ್ ಗೀಸರ್ ಬಂದಿವೆ. ಹಳೆಯ ಬಚ್ಚಲಿಗೆ ಹೊಗೆ ಹೋಗುವ ಕಿಂಡಿ ಇರುತ್ತಿತ್ತು. ಹೊಸ ಬಾತ್‌ರೂಮು ಸುತ್ತಲೂ ಮುಚ್ಚಿರುತ್ತದೆ. ಒಳಗೆ ಕೂರಿಸಿದ ಗ್ಯಾಸ್ ಗೀಸರಿನ ಉರಿಗೆ ಗಾಳಿ ಸಾಲದಾದಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ತಾಯಿಯ ರಕ್ತದಿಂದ ಗರ್ಭದ ಕೂಸಿಗೂ ದಾಟುತ್ತದೆ, ಅಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಗೀಸರನ್ನು ಬಾತ್‌ರೂಮಿನ ಹೊರಗೆ ಕೂರಿಸಿ ನೀರನ್ನಷ್ಟೇ ಒಳಗೆ ತರುವುದು, ಕಿಟಕಿ ತೆರೆದಿಡುವುದು, ಮೊಣಕೈಯಿಂದ ನೀರಿನ ಬಿಸಿ ನೋಡುವುದು, ತಲೆ ಸುತ್ತಿದರೆ ಕೂಡಲೇ ಹೊರಗೆ ಬರುವುದು, ಈಗಿನ ಬಸುರಿಗೂ ಬಾಣಂತಿಗೂ ಒಂದೇ ರೀತಿ ಅನ್ವಯಿಸುವ ಎಚ್ಚರಿಕೆಗಳು.