ಮಾರ್ಕನ ಸುವಾರ್ತೆ ಎಲ್ಲಿ ಮುಗಿಯುತ್ತದೆ?

ಬೆಳಗಿನ ಜಾವ ಸಮಾಧಿಗೆ ಬಂದ ಮೂವರು ಹೆಂಗಸರು ಯೇಸು ಎದ್ದಿದ್ದಾನೆಂಬ ಸುದ್ದಿ ಕೇಳಿ ನಡುಗುತ್ತ ಓಡಿಹೋಗುತ್ತಾರೆ, ಹೆದರಿಕೆಯಿಂದ ಯಾರಿಗೂ ಏನೂ ಹೇಳುವುದಿಲ್ಲ. ಮಾರ್ಕನ 16ನೇ ಅಧ್ಯಾಯದ 8ನೇ ವಚನ ಇದು. ನಾಲ್ಕನೇ ಶತಮಾನದ ಸಿನಾಯ್ ಮತ್ತು ವ್ಯಾಟಿಕನ್ ಗ್ರೀಕ್ ಹಸ್ತಪ್ರತಿಗಳಲ್ಲಿ ಸುವಾರ್ತೆಯೇ ಇಲ್ಲಿಗೆ ಮುಗಿಯುತ್ತದೆ. ಯೇಸುವಿನ ದರ್ಶನ, ಶಿಷ್ಯರಿಗೆ ಕೊಟ್ಟ ಅಪ್ಪಣೆ, ಸ್ವರ್ಗಾರೋಹಣಗಳನ್ನು ಹೇಳುವ 9ರಿಂದ 20ರವರೆಗಿನ ವಚನಗಳು ಅಲ್ಲಿಲ್ಲ. ವ್ಯಾಟಿಕನ್ ಪ್ರತಿಯಲ್ಲಿ 8ನೇ ವಚನದ ನಂತರ ಒಂದು ಅಂಕಣ ಪೂರ್ತಿ ಖಾಲಿ. ಲಿಪಿಕಾರನಿಗೆ ಉಳಿದ ಭಾಗ ಗೊತ್ತಿತ್ತು ಎಂದು ಕೆಲವರು ಇದರಿಂದ ಊಹಿಸುತ್ತಾರೆ. ಅದೇ ಪ್ರತಿಯ ಹಳೆ ಒಡಂಬಡಿಕೆಯಲ್ಲೂ ಖಾಲಿ ಅಂಕಣಗಳಿರುವುದರಿಂದ ಈ ಊಹೆಗೆ ಹೆಚ್ಚು ಬಲವಿಲ್ಲ.

ಈ ವಚನಗಳ ಬಗೆಗಿನ ಅನುಮಾನ 19ನೇ ಶತಮಾನದ ವಿಮರ್ಶಕರು ಎಬ್ಬಿಸಿದ ತಕರಾರಲ್ಲ. ನಾಲ್ಕನೇ ಶತಮಾನದಲ್ಲೇ ಮರಿನಸ್ ಎಂಬಾತ ಕೈಸರೈಯದ ಬಿಷಪ್ ಯೂಸೆಬಿಯಸನನ್ನು ಕೇಳಿದ್ದ: ಪುನರುತ್ಥಾನದ ಹೊತ್ತು ಮತ್ತಾಯನಲ್ಲಿ ಒಂದು, ಮಾರ್ಕನಲ್ಲಿ ಇನ್ನೊಂದು; ಯಾವುದು ಸರಿ? ಯೂಸೆಬಿಯಸ್ ಎರಡು ದಾರಿ ತೋರಿಸಿದ. ನಿಖರವಾದ ಪ್ರತಿಗಳಲ್ಲಿ ಆ ಭಾಗವೇ ಇಲ್ಲವೆಂದು ಪ್ರಶ್ನೆಯನ್ನೇ ಕೈಬಿಡಬಹುದು. ಭಾಗವನ್ನು ಒಪ್ಪುವವರು 9ನೇ ವಚನದಲ್ಲಿ ‘ಎದ್ದು’ ಎಂಬಲ್ಲಿ ತಡೆದು ಓದಬಹುದು. ಆಗ ‘ಬೆಳಿಗ್ಗೆ’ ಎಂಬುದು ಎದ್ದ ಹೊತ್ತನ್ನಲ್ಲ, ಮಗ್ದಲದ ಮರಿಯಳಿಗೆ ಕಾಣಿಸಿಕೊಂಡ ಹೊತ್ತನ್ನು ಹೇಳುತ್ತದೆ. ಒಂದು ಅಲ್ಪವಿರಾಮದಿಂದ ವಿರೋಧ ಕರಗಿಹೋಯಿತು! ಬೈಬಲಿನ ಲ್ಯಾಟಿನ್ ಅನುವಾದಕ ಜೆರೋಮ್ ಹೆದಿಬಿಯಾ ಎಂಬ ಮಹಿಳೆಗೆ ಬರೆದ ಪತ್ರದಲ್ಲಿ ಇದೇ ವಾದವನ್ನು ಎತ್ತಿಕೊಂಡ. ಆದರೂ ಲ್ಯಾಟಿನ್ ಸುವಾರ್ತೆಗಳನ್ನು ಪರಿಷ್ಕರಿಸುವಾಗ ಆ ವಚನಗಳನ್ನು ತೆಗೆದುಹಾಕಲಿಲ್ಲ.

ಒಳಗಿನ ಸಾಕ್ಷ್ಯವೇ ಹೆಚ್ಚು ನಿರ್ಣಾಯಕವೆಂದು ನನ್ನ ಅಭಿಪ್ರಾಯ. ಅಧ್ಯಾಯದ ಆರಂಭದಲ್ಲೇ ಹೆಸರಿಸಲಾದ ಮಗ್ದಲದ ಮರಿಯಳನ್ನು 9ನೇ ವಚನ ಏಳು ದೆವ್ವಗಳಿಂದ ಬಿಡುಗಡೆಯಾದವಳೆಂದು ಹೊಸದಾಗಿ ಪರಿಚಯಿಸುತ್ತದೆ. ಒಬ್ಬನೇ ಲೇಖಕ ಹೀಗೆ ಬರೆಯುವುದು ಕಷ್ಟ. ಆದರೆ ಪ್ರಕ್ಷಿಪ್ತವೆಂದಾಕ್ಷಣ ಈಚಿನದು ಎಂದಾಗುವುದಿಲ್ಲ: ಸುಮಾರು 180ರಲ್ಲೇ ಬಿಷಪ್ ಐರಿನೇಯಸ್ 19ನೇ ವಚನವನ್ನು ಮಾರ್ಕನದೆಂದೇ ಉದ್ಧರಿಸುತ್ತಾನೆ. ಮಾರ್ಕನೇ 8ಕ್ಕೆ ನಿಲ್ಲಿಸಿದನೋ, ಓಲೆಕಟ್ಟಿನ ಕೊನೆಯ ಗರಿಯಂತೆ ಮೂಲದ ಅಂತ್ಯ ಕಳೆದುಹೋಯಿತೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಹೇಗಿದ್ದರೂ ಈ ಹನ್ನೆರಡು ವಚನಗಳನ್ನು ಆ ಮೌನಕ್ಕೆ ಎರಡನೇ ಶತಮಾನ ಬರೆದ ವ್ಯಾಖ್ಯಾನವಾಗಿ ಓದಬಹುದು.

1516ರ ಎರಾಸ್ಮಸನ ಮುದ್ರಿತ ಪಾಠದಲ್ಲೂ 1611ರ ಇಂಗ್ಲಿಷ್ ಬೈಬಲಿನಲ್ಲೂ ಅವು ಯಾವ ಗುರುತೂ ಇಲ್ಲದೆ ಬಂದವು. ಬಳ್ಳಾರಿಯ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ಕನ್ನಡ ಬೈಬಲ್ 1831ರ ಹೊತ್ತಿಗೆ ಸಿದ್ಧವಾಗಿತ್ತು. ಸಿನಾಯ್ ಪ್ರತಿಯ ಹೊಸ ಒಡಂಬಡಿಕೆ ಜರ್ಮನ್ ವಿದ್ವಾಂಸ ಟಿಶೆಂಡಾರ್ಫನ ಕೈಗೆ ಬಂದದ್ದು ಅದರ ನಂತರ, 1859ರಲ್ಲಿ. ಇಂಗ್ಲಿಷ್ ಪಾದ್ರಿ ಬರ್ಗನ್ 1871ರಲ್ಲಿ ಆ ವಚನಗಳ ಪರವಾಗಿ ಇಡೀ ಪುಸ್ತಕ ಬರೆದ. ಹತ್ತು ವರ್ಷದ ನಂತರ ವಿದ್ವಾಂಸರಾದ ವೆಸ್ಟ್‌ಕಾಟ್ ಮತ್ತು ಹಾರ್ಟ್ ತಮ್ಮ ಗ್ರೀಕ್ ಪಾಠದಲ್ಲಿ ಅವನ್ನು, ಮೂಲದವಲ್ಲವೆಂಬ ಗುರುತಾಗಿ, ಜೋಡಿ ಕಂಸದೊಳಗೆ ಇಟ್ಟರು.

ವಿವಾದ ವಿದ್ವಾಂಸರ ಮೇಜಿನಲ್ಲೇ ಉಳಿಯಲಿಲ್ಲ. ಹಾವು ಹಿಡಿದರೂ ಅಪಾಯವಿಲ್ಲವೆನ್ನುವ 18ನೇ ವಚನವನ್ನು ಅಕ್ಷರಶಃ ನಂಬಿ ಅಮೆರಿಕದ ಟೆನೆಸ್ಸಿಯಲ್ಲಿ ಆರಾಧನೆಗೆ ವಿಷಸರ್ಪ ತಂದ ಜಾರ್ಜ್ ಹೆನ್ಸ್ಲಿ 1955ರಲ್ಲಿ ಹಾವು ಕಚ್ಚಿಯೇ ಸತ್ತ. ಇತ್ತ ಕಥೋಲಿಕ ಸಭೆಗೆ ಕರ್ತೃತ್ವ ಬೇರೆ, ಪ್ರಾಮಾಣ್ಯ ಬೇರೆ. 1546ರ ಟ್ರೆಂಟ್ ಮಹಾಸಭೆ ಪವಿತ್ರ ಗ್ರಂಥಗಳನ್ನು ಅವುಗಳ ಎಲ್ಲ ಭಾಗಗಳ ಸಮೇತ ಅಂಗೀಕರಿಸಿತು. ಮೂರು ವರ್ಷಕ್ಕೊಮ್ಮೆ ಸ್ವರ್ಗಾರೋಹಣದ ಹಬ್ಬದಂದು ಪೂಜೆಯಲ್ಲಿ 15ರಿಂದ 20ರವರೆಗಿನ ವಚನಗಳನ್ನೇ ಓದಲಾಗುತ್ತದೆ.